ರಹೀಂ ಸಾಬರ ಬಾಯಲ್ಲಿದ್ದ ನಾಲ್ಕು ಮೊಳೆ

ರಹೀಂ ಸಾಬರ ಬಾಯಲ್ಲಿ ಯಾವಾಗಲೂ ನಾಲ್ಕು ಮೊಳೆ ಇರುತ್ತಿದ್ದವು. ಹೊನ್ನಾಳಿಯ ಪೇಟೆಬೀದಿಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದ ಅವರು ಒಂದು ಕೈಯಲ್ಲಿ ತಗಡು, ಇನ್ನೊಂದರಲ್ಲಿ ಸುತ್ತಿಗೆ ಹಿಡಿದರೆ ಮೊಳೆಗೆ ಉಳಿಯುತ್ತಿದ್ದ ಜಾಗ ತುಟಿಯೊಂದೇ. ಹಾಗಾಗಿ ಗಿರಾಕಿಗಳಿಗೆ 'ಹೂಂ', 'ಊಹೂಂ' ಎಂಬೆರಡೇ ಉತ್ತರ. ಮಾತಾಡಲೇಬೇಕಾದ ಸಂಗತಿ ಬಂದಾಗ ಮಾತ್ರ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಲಿ ಇಟ್ಟುಕೊಂಡು ಬಾಯಿ ತೆರೆಯುತ್ತಿದ್ದರು.

ಅವರ ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಚಿತ್ರ ಸಂಘ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಮೊಹರಮ್ಮಿಗೆ ತಾಬೂತು ಕಟ್ಟುವ ಹುಸೇನ್, ಎತ್ತಿನ ಗಾಡಿಗೆ ಬಣ್ಣ ಬಳಿಯುವ ಬಸಣ್ಣ, ಮತ್ತೆ ಶಂಕ್ರಪ್ಪನೆಂಬ ನಾನು. ನಾನೆಂದರೆ ಚಿತ್ರ ಕಲಿಯುವ ಮೊದಲೇ ಚಿತ್ರದ ಕೆಳಗೆ ಹಾಕುವ ಸಹಿಯನ್ನು ಕಲಿತಿದ್ದವನು. ಕೂದಲನ್ನು ಕುತ್ತಿಗೆಯವರೆಗೆ ಬಿಟ್ಟಿದ್ದೆ. ಸೂತಕಕ್ಕೆ ಕೂದಲು ಬಿಟ್ಟಿದ್ದೇನೆಂದುಕೊಂಡು ಕ್ಷೌರದವನು ದಾರಿಯಲ್ಲಿ ಕಂಡಾಗಲೆಲ್ಲ ಯಾರು ತೀರಿಹೋದರು ಎಂದು ಕೇಳುತ್ತಿದ್ದ.

ಸಂಘದಲ್ಲಿ ಕುಂಚ, ಬಣ್ಣದ ಡಬ್ಬಿ ಎಲ್ಲರಿಗೂ ಸೇರಿದ್ದು. ಯಾರಿಗಾದರೂ ಕೆಲಸ ಇಲ್ಲದಿದ್ದರೆ ಸಾಬರು ಒಂದು ಟ್ರಂಕಿನ ಮುಚ್ಚಳವನ್ನು ಅವರ ಮುಂದೆ ತಳ್ಳುತ್ತಿದ್ದರು. ನನಗೆ ಸಿಕ್ಕಿದ್ದು ಮದುವೆ ಟ್ರಂಕುಗಳ ಮೇಲೆ ಗುಲಾಬಿ ಬರೆಯುವ ಕೆಲಸ. ನನ್ನ ಗುಲಾಬಿಗಳು ಎಲೆಕೋಸಿನ ಹಾಗೆ ಅರಳುತ್ತಿದ್ದವು. ಹೆಣ್ಣಿನ ಕಡೆಯವರು ಒಳ್ಳೆಯವರು, ಏನೂ ಅನ್ನಲಿಲ್ಲ.

ಸಂಘಕ್ಕೆ ಒಂದೇ ಒಂದು ಕಟ್ಟಳೆ. ಹೊಸ ಚಿತ್ರ ಬರೆದವನು ಅದನ್ನು ಸಂತೆಯ ದಿನ ಅಂಗಡಿಯ ಬಾಗಿಲಿಗೆ ತೂಗುಹಾಕಬೇಕು. ತಾನು ಅದರ ಕೆಳಗೇ ಕೂತು ಸೊಟ್ಟ ತಗಡನ್ನು ನೆಟ್ಟಗೆ ಮಾಡುತ್ತಿರಬೇಕು. ಜನ ಏನೇ ಅಂದರೂ ಚಿತ್ರ ತನ್ನದೆಂದು ಹೇಳುವ ಹಾಗಿಲ್ಲ. "ಬರೆದೋನು ಬಾಯಿ ತೆಗೆದ್ರೆ ನೋಡೋರ ಕಣ್ಣು ಮುಚ್ಚಿ ಬಿಡ್ತಾವೆ, ತಮ್ಮಾ," ಅನ್ನುತ್ತಿದ್ದರು ಸಾಬರು. ಸಂತೆ ಮುಗಿದ ಮೇಲೆ ಕೊನೆಗೆ ಅವರು ನೋಡುವರು. ಚಿತ್ರ ಮನಸ್ಸಿಗೆ ಬಂದರೆ ಮೊಳೆ ತೆಗೆದು ಮಾತಾಡುವರು, ಇಲ್ಲದಿದ್ದರೆ 'ಹೂಂ'. ಹುಸೇನನ ತಾಬೂತಿನ ಕಾಗದದ ಹೂಗಳಿಗೆ ನಾಲ್ಕೂ ಮೊಳೆ ಹೊರಗೆ ಬಂದಿದ್ದನ್ನು ಕಣ್ಣಾರೆ ಕಂಡಿದ್ದೆ. ನನಗೆ ಎರಡು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ಆ ಮೊಳೆಗಳಿಗಾಗಿ ನಾನು ಎಷ್ಟು ಹಂಬಲಿಸಿದೆನೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ಆ ವರ್ಷ ಮೈಸೂರಿನಲ್ಲಿ ಚಿತ್ರ ಕಲಿಸುವ ಶಾಲೆಗೆ ಸೇರಲು ಒಂದು ಚಿತ್ರ ಕಳಿಸಬೇಕಿತ್ತು. ಮಲಗಿದ್ದ ಎತ್ತು ಬೆಳಗಿನ ಬಿಸಿಲಲ್ಲಿ ಏಳುತ್ತಿರುವುದನ್ನು ಬರೆದೆ. ಕೊಟ್ಟಿಗೆಗೆ ಹೋದರೆ ಪಂಚೆ ಕೊಳೆಯಾಗುತ್ತದೆಂದು ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರಿನಲ್ಲಿ ಏಳುತ್ತಿದ್ದ ಕುದುರೆಯನ್ನು ನೋಡಿಕೊಂಡು ಬರೆದು, ಕೊಂಬು ಮತ್ತು ಡುಬ್ಬ ಸೇರಿಸಿದೆ. ಸಹಿ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಸಂತೆಯ ದಿನ ಗೋವಿನಕೋವಿಯ ಹಾಲಪ್ಪ ಎಂಬ ರೈತ ಚಿತ್ರದ ಮುಂದೆ ನಿಂತ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿದ. ನಾನು ತಗಡು ಬಡಿಯುವುದನ್ನು ನಿಲ್ಲಿಸಿ ಹೊಗಳಿಕೆಗೆ ಕಿವಿ ಒಡ್ಡಿದೆ.

"ಪಾಪ, ಈ ಎತ್ತಿಗೆ ಏನೋ ಜಡ್ಡು ಐತೆ ನೋಡ್ರಿ," ಅಂದ ಅವನು.

"ಯಾಕೆ?" ಎಂದೆ, ಕಟ್ಟಳೆ ಮರೆತು.

"ಮುಂಗಾಲು ಊರಿ ಏಳಾಕೆ ಹತ್ತೈತಲ್ಲ! ಎತ್ತು ಮೊದ್ಲು ಹಿಂದ್ಲ ಕಾಲು ಎತ್ತತೈತೆ. ಹಿಂಗೆ ಏಳೋದು ಕುದುರೆ. ಯಾವ ಪುಣ್ಯಾತ್ಮ ಬರೆದನೋ, ಅವನ ಮನ್ಯಾಗೆ ದನ ಇಲ್ಲ ಬಿಡ್ರಿ."

ನಮ್ಮ ಮನೆಯಲ್ಲಿ ಆರು ದನ ಇದ್ದವು. ಸುತ್ತ ನಿಂತವರೆಲ್ಲ ನಕ್ಕರು. ಸಾಬರು ಮಾತ್ರ ನಗಲಿಲ್ಲ. ಸಂಜೆ ಚಿತ್ರವನ್ನು ಇಳಿಸಿ, ಮೊಳೆ ಕಚ್ಚಿಕೊಂಡೇ ಗೋವಿನಕೋವಿಯ ದಿಕ್ಕಿಗೆ ಕೈ ತೋರಿಸಿದರು.

ಒಂದು ವಾರ ಹಾಲಪ್ಪನ ಕೊಟ್ಟಿಗೆಯಲ್ಲಿ ಕೂತೆ. ನಾನು ನೋಡುತ್ತಿದ್ದಷ್ಟು ಹೊತ್ತು ಅವನ ಎತ್ತುಗಳು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದವು. ಪೆನ್ಸಿಲ್ ಚೂಪು ಮಾಡಲು ತಲೆ ಬಗ್ಗಿಸಿದರೆ ಎದ್ದು ನಿಂತಿರುತ್ತಿದ್ದವು. ಪಂಚೆಯಂತೂ ಮತ್ತೆಂದೂ ಬಿಳಿಯಾಗಲಿಲ್ಲ. ಆರನೆಯ ದಿನ ಒಂದು ಮುದಿ ಎತ್ತು ನನ್ನ ಮೇಲೆ ಕರುಣೆ ತೋರಿ, ಮಂಡಿಯೂರಿ, ಹಿಂಗಾಲನ್ನು ನಿಧಾನವಾಗಿ ಎತ್ತಿತು. ಅದನ್ನೇ ಬರೆದೆ.

ಸಾಬರು ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮೊಳೆ ತೆಗೆದರು. ಉಳಿದ ಮೂರನ್ನು ದವಡೆಗೆ ಸರಿಸಿಕೊಂಡು, "ಎತ್ತು ಎದ್ದೈತೆ. ಇನ್ನ ನೀನೂ ಏಳು," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಮಿಕ್ಕ ಮೂರು ಯಾಕೆ ಬರಲಿಲ್ಲ ಎಂಬ ಲೆಕ್ಕ ಶುರುವಾಯಿತು. ನನ್ನ ಬುದ್ಧಿಯೇ ಅಷ್ಟು.

ಮೈಸೂರಿಗೆ ಹೊರಟಾಗ ಸಂಘ ನನಗೊಂದು ಟ್ರಂಕು ಕೊಟ್ಟಿತು. ತಗಡು ಸಾಬರದು, ಒಂದು ಮಗ್ಗುಲಿಗೆ ಹುಸೇನನ ಹೂ, ಇನ್ನೊಂದಕ್ಕೆ ಬಸಣ್ಣನ ನವಿಲು. ಶಾಲೆಯಲ್ಲಿ ನಮ್ಮ ಮೇಷ್ಟ್ರು ಮೊದಲು ಹೊಗಳಿದ್ದು ಆ ಟ್ರಂಕನ್ನು. ನಾನು ಬರೆದದ್ದೆಂದು ತಿಳಿದು ಹೊಗಳಿದರು. ಅಲ್ಲವೆಂದು ಹೇಳಲು ನನಗೆ ನಾಲ್ಕು ದಿನ ಬೇಕಾಯಿತು.

ಯುದ್ಧದ ಕಾಲದಲ್ಲಿ ತಗಡು ಸಿಗದಾಯಿತು. ಸಾಬರು ಹಳೆಯ ಟ್ರಂಕುಗಳಿಗೆ ತೇಪೆ ಹಾಕಿ ದಿನ ದೂಡಿದರು. ಆ ಹೊತ್ತಿಗೆ ನನಗೆ ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಕ್ಕಿತ್ತು. ಬರುತ್ತೇನೆಂದು ಕಾರ್ಡು ಬರೆಯುತ್ತಿದ್ದೆ, ಹೋಗುತ್ತಿರಲಿಲ್ಲ. ಕೊನೆಗೆ ಹುಸೇನನ ಕಾರ್ಡು ಬಂತು, ಸಾಬರು ತೀರಿಕೊಂಡರೆಂದು.

ನೆನಪಿನಿಂದಲೇ ಅವರ ಚಿತ್ರ ಬರೆದೆ. ಸಹಿ ಹಾಕಲಿಲ್ಲ. ಹೊನ್ನಾಳಿಗೆ ಒಯ್ದು ಸಂತೆಯ ದಿನ ಅಂಗಡಿಯ ಬಾಗಿಲಿಗೆ ತೂಗುಹಾಕಿ, ಕೆಳಗೆ ಕೂತು ತಗಡು ಬಡಿಯತೊಡಗಿದೆ. ಮಧ್ಯಾಹ್ನ ಹಾಲಪ್ಪ ಬಂದ. ಮುದುಕನಾಗಿದ್ದ. ನನ್ನ ಗುರುತು ಹತ್ತಿತು, ಆದರೆ ಸಂಘದ ಕಟ್ಟಳೆ ಅವನಿಗೂ ಗೊತ್ತು, ನನ್ನನ್ನು ಮಾತಾಡಿಸಲಿಲ್ಲ. ಚಿತ್ರವನ್ನು ಹತ್ತಿರದಿಂದ ನೋಡಿದ. ಈ ಸಲ ತಪ್ಪು ಹುಡುಕಲಿಲ್ಲ.

"ಸಾಬ್ರು ಏನೋ ಹೇಳಾಕೆ ಹೊಂಟಾರೆ," ಎಂದು ಪಕ್ಕದಲ್ಲಿದ್ದ ಟ್ರಂಕಿನ ಮೇಲೆ ಕೂತ. "ತಡೀರಿ, ಮೊಳೆ ತೆಗೀಲಿ."

ಅವನು ಕಾದ. ನಾನೂ ಸುತ್ತಿಗೆ ಕೆಳಗಿಟ್ಟು ತಲೆಯೆತ್ತಿ ನೋಡಿದೆ. ತುಟಿಯ ನಡುವೆ ನಾಲ್ಕಕ್ಕೆ ನಾಲ್ಕೂ ಮೊಳೆ ಬಿಗಿಯಾಗಿ ಕೂತಿದ್ದವು. ಬರೆದವನು ನಾನೇ. ಮೂರು ಬರೆದು, ಒಂದನ್ನು ಅಂಗೈಲಿ ಇಟ್ಟಿದ್ದರೆ ಸಾಕಿತ್ತು.