ಅಳಿಸಿದರೂ ಹೋಗದ ಬಿರುಗಾಳಿ

ವಿಜ್ಞಾನ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಗ್ರಹಗಳ ಗೋಳಕ್ಕೆ ಬಣ್ಣ ಹಚ್ಚುವ ಆತನನ್ನು ಎಲ್ಲರೂ ಕರೆಯುತ್ತಿದ್ದುದು ‘ಗ್ರಹಚಾರ’ ಎಂದೇ. “ಬೇರೆಯವರು ಗ್ರಹಚಾರ ಬಿಡಿಸ್ತೀನಿ ಅಂತ ಬರೀ ಹೆದರಿಸ್ತಾರೆ. ನಾನು ಸಂಬಳ ತಗೊಂಡು ಗ್ರಹ ಬಿಡಿಸ್ತೀನಿ” ಎಂದು ಆತನೂ ನಗುತ್ತಿದ್ದ.

ಆತನಿಗೆ ಅಚ್ಚುಮೆಚ್ಚು ನೆಪ್ಚೂನ್. ನೀಲಿಯ ಮೇಲೆ ನೀಲಿ ತೆಳುವಾಗಿ ಬಳಿದು, ನಡುವೆ ಭೂಮಿಯನ್ನೇ ನುಂಗುವಂಥ ಬಿರುಗಾಳಿಯ ಕಪ್ಪು ಚುಕ್ಕೆ ಇಟ್ಟಿದ್ದ. ಆ ಸುಳಿ ಮೇಲಕ್ಕೆ ತಳ್ಳಿದ ಗಾಳಿಯಲ್ಲಿ ಮೀಥೇನ್ ಹೆಪ್ಪುಗಟ್ಟಿ, ಚುಕ್ಕೆಯ ಅಂಚಿಗೆ ಬಿಳಿ ಮೋಡವಾಗುತ್ತದಂತೆ. ಆ ಮೋಡವನ್ನು ಕೂದಲೆಳೆಯ ಕುಂಚದಲ್ಲಿ, ಉಸಿರು ಬಿಗಿಹಿಡಿದು ಬರೆದಿದ್ದ.

ಒಂದು ದಿನ ಮಹಡಿಯಿಂದ ವಿಜ್ಞಾನಿ ಮೇಡಂ ಇಳಿದು ಬಂದರು. “ಆ ಚುಕ್ಕೆ ಈಗಿಲ್ಲ ಕಣ್ರೀ. ಕೆಲವು ವರ್ಷ ಇರುತ್ತೆ, ಆಮೇಲೆ ಸಮಭಾಜಕದ ಕಡೆ ಜಾರ್ತಾ ಜಾರ್ತಾ ಕರಗಿಹೋಗುತ್ತೆ. ಅಳಿಸಿಬಿಡಿ. ಸೋಮವಾರ ಉದ್ಘಾಟನೆ.”

“ನೆಪ ಹೇಳೋಕೂ ನೆಪ್ಚೂನೇ ಬೇಕಾ?” ಎಂದು ಗೊಣಗುತ್ತಲೇ ನೀಲಿ ಬಳಿದ. ಮೋಡ ಹೋಯಿತು. ಚುಕ್ಕೆ ಮಾತ್ರ ಮಸುಕಾಗಿ ಅಲ್ಲೇ ಉಳಿಯಿತು. ಇನ್ನೊಂದು ಪದರ ಬಳಿದ. ಮತ್ತೊಂದು. ಬಣ್ಣ ಕಳಪೆ ಎಂದು ಅಂಗಡಿಯವನನ್ನು ಫೋನಿನಲ್ಲೇ ಜಾಡಿಸಿದ. ಹೊಸ ಡಬ್ಬ ಬಂತು. ಆ ಜಾಗ ಬಿಟ್ಟು ಬೇರೆಲ್ಲೂ ದೃಷ್ಟಿ ನೆಡದೆ ಬಳಿದೇ ಬಳಿದ.

ಊಟದ ಡಬ್ಬಿ ತಂದ ಹೆಂಡತಿ ಗೋಳ ಸವರಿ ನೋಡಿದಳು.

“ಇದೇನ್ರೀ, ಗ್ರಹಕ್ಕೆ ಕುರು ಎದ್ದಿದೆ?”

“ಕುರು ಹಾಳಾಗಲಿ. ಚುಕ್ಕೆ ಹೋಗ್ತಿಲ್ಲ ನೋಡೇ.”

“ಎಲ್ಲಿದೆ ಚುಕ್ಕೆ? ಪೂರ್ತಿ ನೀಲಿ.”

“ನಿನಗೆ ಕಣ್ಣಿಲ್ವಾ?” ಎಂದು ರೇಗಿ ತಿರುಗಿದ. ಚುಕ್ಕೆಯೂ ತಿರುಗಿತು. ಹೋಗಿ ಅವಳ ಮೂಗಿನ ಮೇಲೆ ಕೂತಿತು.

ಎರಡೂ ಕಣ್ಣಿನ ಒಳಪರದೆ ನಟ್ಟನಡುವೆ ಸವೆದಿದೆ ಎಂದರು ಡಾಕ್ಟರು. “ಅಂಚಿನ ದೃಷ್ಟಿ ಉಳಿಯುತ್ತೆ. ನಡುವಿನದು ವಾಪಸ್ ಬರೋಲ್ಲ.”

“ನೆಪ್ಚೂನ್‌ದು ಕರಗುತ್ತಂತಲ್ಲ ಡಾಕ್ಟ್ರೇ?”

ಡಾಕ್ಟರಿಗೆ ಅರ್ಥವಾಗಲಿಲ್ಲ. “ಇದು ಬೆಳೆಯುತ್ತೆ” ಎಂದರು.

ಸೋಮವಾರ ಗೋಳದ ಉಬ್ಬನ್ನು ಗೋಡೆಯ ಕಡೆ ತಿರುಗಿಸಿ ಉದ್ಘಾಟನೆ ಮುಗಿಸಿದರು. ಆಮೇಲೆ ನೆಲಮಾಳಿಗೆಯ ಕೆಲಸಕ್ಕೆ ಆತನಿಗೆ ಕರೆ ಬರಲಿಲ್ಲ.

ಈಗ ಆತ ಮನೆಯ ಕಿಟಕಿಯ ಪಕ್ಕ ಕೂತಿರುತ್ತಾನೆ. ಹೆಂಡತಿ ಎದುರಿಗೆ ಸ್ಟೂಲು ಎಳೆದುಕೊಂಡು ಕೇಳುತ್ತಾಳೆ, “ನಾನು ಕಾಣ್ತೀನಾ?”

“ಕೂದಲು ಕಾಣುತ್ತೆ. ಸುತ್ತ ಬೆಳ್ಳಗೆ.”

“ಈ ತಿಂಗಳು ಬಣ್ಣ ಹಚ್ಕೊಂಡಿಲ್ಲ, ಅದಕ್ಕೇ. ನಾಳೆ ಹಚ್ತೀನಿ.”

“ಹಚ್ಚಬೇಡ ಕಣೇ,” ಎನ್ನುತ್ತಾನೆ ಆತ. “ಅದೂ ಹೋಗಿಬಿಡುತ್ತೆ.”