ಹಿಡಿದವರ ಪಂಕ್ತಿ

ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ತಲೆಗಿಂತ ಹೆಚ್ಚಾಗಿ ಒಂದು ಚರ್ಮದ ಕೈಗವಸಿಗೆ ಖರ್ಚಾಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದು ಬೇಸ್‌ಬಾಲ್ ಆಟದಲ್ಲಿ ಕ್ಯಾಚರ್ ತೊಡುವ ಗವಸು. ಉಬ್ಬಿದ ಜೋಳದ ರೊಟ್ಟಿಯ ಹಾಗೆ ದುಂಡಗೆ, ದಪ್ಪಗೆ ಇದ್ದು ನಡುವೆ ಮಾತ್ರ ಒಂದು ತಗ್ಗು. ಇಂಥ ಚರ್ಮಕ್ಕೆಂದೇ ಇಲ್ಲಿನ ಅಂಗಡಿಗಳಲ್ಲಿ ಬೇರೆ ಎಣ್ಣೆ ಸಿಗುತ್ತದೆ. ಆದರೆ ಒಣಗಿದ್ದು ಏನೇ ಇರಲಿ, ಅದಕ್ಕೆ ಮದ್ದು ಕೊಬ್ಬರಿ ಎಣ್ಣೆಯೇ ಎಂದು ನಂಬಿದ ಮನೆತನ ನನ್ನದು. ರವಿವಾರ ಬೆಳಿಗ್ಗೆ ಅದಕ್ಕೆ ಎಣ್ಣೆ ತಿಕ್ಕಿ ಕಿಟಕಿಯ ಬಿಸಿಲಿಗೆ ಇಟ್ಟರೆ, ರಾಂಚೊ ಬರ್ನಾರ್ಡೊದ ನಮ್ಮ ಅಡುಗೆಮನೆಗೆ ಧಾರವಾಡದ ಅಭ್ಯಂಜನದ ವಾಸನೆ ಬರುತ್ತದೆ. "ಅದಕ್ಕೊಂದು ಜಡೆನೂ ಹಾಕಿಬಿಡೇ" ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾನೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಣ್ಣೆ ತಿಕ್ಕುವಾಗ ನನ್ನ ಮನಸ್ಸು, ನಾನು ಕಣ್ಣಾರೆ ಕಾಣದ ಮೂವರು ಆಟಗಾರರ ಜೊತೆ ಹರಟುತ್ತಿರುತ್ತದೆ.

ಆ ಮೂವರ ಪರಿಚಯವಾದದ್ದು ಪಾಟೀಲ ಅಂಕಲ್ ಅವರಿಂದ. 2001ರಲ್ಲಿ ನಾನು ಎಂ.ಎಸ್. ಓದಲು ಲಾಸ್ ಏಂಜಲೀಸಿನ ನಾರ್ತ್‌ರಿಜ್‌ಗೆ ಬಂದು, ಗೆಳತಿಯರ ಜೊತೆ ಒಂದು ಇಕ್ಕಟ್ಟಾದ ಅಪಾರ್ಟ್‌ಮೆಂಟಿನಲ್ಲಿದ್ದೆ. ಹತ್ತಿರದ ಪೋರ್ಟರ್ ರ್ಯಾಂಚ್ ಗುಡ್ಡದ ಮೇಲೆ ಪಾಟೀಲ ಅಂಕಲ್ ಮನೆ. ವಿಜಯಪುರದ ಕಡೆಯವರು, ಅರವತ್ತರ ದಶಕದಲ್ಲಿ ಓದಲು ಬಂದು ಇಲ್ಲಿಯೇ ಇಂಜಿನಿಯರ್ ಆಗಿ ನಿವೃತ್ತರಾದವರು. ಹೊಸದಾಗಿ ಬಂದ ಕನ್ನಡದ ಹುಡುಗಿಯರನ್ನು ಕರೆದು ಊಟ ಹಾಕುವುದು ಆ ಮನೆಯ ಪದ್ಧತಿ. ಊಟದ ನಡುವೆ ಅವರು, ಓದು ಬಿಟ್ಟು ಧಾರವಾಡದಲ್ಲಿ ಮತ್ತೇನು ಮಾಡುತ್ತಿದ್ದೆ ಎಂದು ಕೇಳಿದರು. ಕಾಲೇಜಿನ ಕ್ರಿಕೆಟ್ ತಂಡದಲ್ಲಿ ವಿಕೆಟ್ ಕೀಪರ್ ಆಗಿದ್ದೆ ಎಂದೆ. ಅವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು.

"ಹಂಗಾರ ನೀ ನಮ್ಮಾಕಿ ಆದಿ ಬಿಡು. ಬರೂ ರವಿವಾರ ತಯಾರಾಗಿರು, ಮ್ಯಾಚ್ ನೋಡಾಕ ಹೋಗೂಣು" ಎಂದರು.

ಹೀಗೆ ನಾನು ಬೇಸ್‌ಬಾಲಿಗೆ ಬಿದ್ದೆ. ಕ್ರೀಡಾಂಗಣದ ಅತ್ಯಂತ ಮೇಲಿನ, ಅತ್ಯಂತ ಅಗ್ಗದ ಸಾಲಿನಲ್ಲಿ ಅಂಕಲ್ ಮತ್ತು ಅವರ ಸಮವಯಸ್ಕರು ಕೂರುತ್ತಿದ್ದರು. ಅಲ್ಲಿಂದ ಆಟಗಾರರು ಅವಲಕ್ಕಿ ಕಾಳಿನಷ್ಟು ಕಾಣುತ್ತಾರೆ. ಆದರೆ ಆ ಸಾಲಿನವರಿಗೆ ಕಾಣುವುದೇ ಮುಖ್ಯವಲ್ಲ. ಕಣ್ಣೆದುರು ಆಟ ನಡೆಯುತ್ತಿದ್ದರೂ ಕಿವಿಗೆ ಟ್ರಾನ್ಸಿಸ್ಟರ್ ಹಿಡಿದು ಅದೇ ಆಟದ ವಿವರಣೆ ಕೇಳುತ್ತಿದ್ದರು, ಅಂಕಲ್ ತಂದ ಅವಲಕ್ಕಿ ಚೂಡಾವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಮತ್ತು ನಾಲ್ಕು ದಶಕ ಹಿಂದಿನ ಆಟಗಾರರ ಬಗ್ಗೆ ಜಗಳ ಕಾಯುತ್ತಿದ್ದರು. ನಮ್ಮ ಪಕ್ಕದಲ್ಲೊಂದು ವಯಸ್ಸಾದ ದಂಪತಿ. ಹಿಂದೆ ಈ ಊರಿನ ತಂಡದಲ್ಲಿದ್ದ ಇಬ್ಬರು ಮಹಾ ಪಿಚರ್‌ಗಳಲ್ಲಿ, ಅಂದರೆ ಚೆಂಡು ಎಸೆಯುವವರಲ್ಲಿ, ಗಂಡ ಎಡಗೈಯವನ ಪಕ್ಷ, ಹೆಂಡತಿ ಬಲಗೈಯವನ ಪಕ್ಷ. ಎಡಗೈಯವನ ಚೆಂಡು ಹೊಡೆಯುವವನ ಮುಂದೆ ಬಂದು ಮೆಟ್ಟಿಲಿಳಿದಂತೆ ಬೀಳುತ್ತಿತ್ತಂತೆ. ಬಲಗೈಯವನ ಚೆಂಡು ಎಂಥ ಗಂಡಸಿನ ಎದೆಯನ್ನೂ ಡವಗುಟ್ಟಿಸುತ್ತಿತ್ತಂತೆ. ಮದುವೆಯಾದಾಗಿನಿಂದ ಇದೊಂದೇ ವಿಷಯಕ್ಕೆ ಜಗಳವಾಡಿ ಮಿಕ್ಕೆಲ್ಲದರಲ್ಲಿ ಅವರು ಅನ್ಯೋನ್ಯವಾಗಿದ್ದರೆಂದು ತೋರುತ್ತದೆ.

ಇದನ್ನೆಲ್ಲ ಕೇಳುತ್ತ ನನಗೆ ಧಾರವಾಡದ ಸಂಗೀತ ಕಛೇರಿಗಳ ಮಧ್ಯಂತರ ನೆನಪಾಗುತ್ತಿತ್ತು. ಒಳಗೆ ಇಂದಿನ ಗಾಯಕ ಪ್ರಾಣ ಪಣಕ್ಕಿಟ್ಟು ಹಾಡಿರುತ್ತಾನೆ. ಹೊರಗೆ ಚಹಾದ ಕಪ್ಪು ಹಿಡಿದ ಹಿರಿಯರು ಎಂದೋ ತೀರಿಹೋದ ಗಾಯಕನ ಒಂದು ತಾನವನ್ನು ಗಾಳಿಯಲ್ಲಿ ಬೆರಳಾಡಿಸಿ ಬರೆದು ತೋರಿಸುತ್ತಿರುತ್ತಾರೆ. ಹಳೆಯದನ್ನು ನೆನೆಯುವವರೆಲ್ಲ ಸೋತವರು, ಇಂದಿನ ದಿನದಲ್ಲಿ ಜಾಗ ಸಿಗದೆ ನಿನ್ನೆಗೆ ಹೋಗಿ ಕೂತವರು ಎಂದು ಆಗ ಭಾವಿಸಿದ್ದೆ. ಆ ಮೇಲಿನ ಸಾಲಿನಲ್ಲಿ ಕೂತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅವರ ದನಿಯಲ್ಲಿ ಹಲುಬುವಿಕೆ ಇರಲಿಲ್ಲ, ಜಂಬವಿತ್ತು. ಲೋಕದಲ್ಲಿ ಅಷ್ಟು ಸೊಗಸಾದದ್ದೊಂದು ನಡೆದಾಗ ನಾವು ಅಲ್ಲಿದ್ದೆವು, ನೀವಿರಲಿಲ್ಲ ಎಂಬ ಶುದ್ಧ, ಆರೋಗ್ಯವಂತ ಜಂಬ. ಅಂಥ ಜಂಬ ಇರುವವರು ಬೇಗ ಮುದುಕರಾಗುವುದಿಲ್ಲ.

ದಂಪತಿಯ ವಾದ ತಾರಕಕ್ಕೇರಿದಾಗ ಅಂಕಲ್ ಅದನ್ನು ಇಂಗ್ಲಿಷಿನಲ್ಲಿ ಕತ್ತರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು: "ಎಡಗೈಯಾಂವ ದೊಡ್ಡಾಂವೋ ಬಲಗೈಯಾಂವ ದೊಡ್ಡಾಂವೋ ಅಂತ ಬಡದಾಡ್ತಾರ. ಇಬ್ಬರ ಚೆಂಡೂ ಹಿಡದಾಂವ ಒಬ್ಬನ ನೋಡವಾ! ಯಾವ ಚೆಂಡು ಹಾಕಬೇಕಂತ ಬೆರಳ ಸನ್ನಿ ಮಾಡಿ ಹೇಳಾಂವ ಅಂವ. ಕೇಳಿ ಹಾಕಿದಾಂವಗ ಹೆಸರು, ಹೇಳಿ ಹಿಡದಾಂವಗ ಮೊಣಕಾಲ ನೋವು."

ಆ ಮಾತಿನ ನಂತರ ನಾನು ಕ್ಯಾಚರ್‌ನನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಹೊಡೆಯುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಈ ಪ್ರಾಣಿ, ನಮ್ಮ ಕಡೆ ಸಂತೆಯಲ್ಲಿ ಕಾಯಿಪಲ್ಲೆ ಹರವಿಕೊಂಡು ಕೂರುವವರಂತೆ ಮಣ್ಣಿಗೆ ಹತ್ತಿರವಾಗಿರುತ್ತಾನೆ. ಮೈದಾನದಲ್ಲಿ ಉಳಿದವರೆಲ್ಲ ಒಂದು ದಿಕ್ಕಿಗೆ ಮುಖ ಮಾಡಿದರೆ ಇವನೊಬ್ಬ ಎದುರು ದಿಕ್ಕಿಗೆ ಮುಖ ಮಾಡಿ ಇಡೀ ಆಟವನ್ನು ಎದುರುಗೊಳ್ಳುತ್ತಾನೆ. ಗಾಯಕನ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತವನನ್ನು ನೆನಪಿಸಿಕೊಳ್ಳಿ. ಮೆಹಫಿಲು ಮುಗಿದ ಮೇಲೆ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ, ಆದರೆ ಶ್ರುತಿ ತಪ್ಪಿದ್ದರೆ ಮಾತ್ರ ಎಲ್ಲರಿಗೂ ನೆನಪಿರುತ್ತಿತ್ತು. ವಿಕೆಟ್ ಕೀಪರ್ ಆಗಿದ್ದ ನನಗೆ ಈ ನ್ಯಾಯ ಚೆನ್ನಾಗಿಯೇ ಗೊತ್ತಿತ್ತು, ಅದರ ಮೇಲೆ ಸಿಟ್ಟೂ ಇತ್ತು.

ಓದು ಮುಗಿದು ಮದುವೆಯಾಗಿ, ಸ್ಯಾನ್ ಡಿಯಾಗೊದ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕು ನಾನು ರಾಂಚೊ ಬರ್ನಾರ್ಡೊಗೆ ಬಂದೆ. "ಎದುರು ಪಾರ್ಟಿ ಸೇರಿದಿ" ಎಂದು ಅಂಕಲ್ ಫೋನಿನಲ್ಲಿ ಗದರಿದರು. ಅದು ಬರೀ ತಮಾಷೆಯಲ್ಲ. ಪ್ರತಿ ಬೇಸಿಗೆಯಲ್ಲಿ ಎರಡೂ ಊರಿನ ಕನ್ನಡಿಗರು ನಡುದಾರಿಯ ಒಂದು ಪಾರ್ಕಿನಲ್ಲಿ ಸೇರಿ ಬೇಸ್‌ಬಾಲ್ ಆಡುತ್ತಾರೆ. ಪಂದ್ಯಕ್ಕೆ ಕಪ್ಪಿಲ್ಲ, ಪದಕವಿಲ್ಲ. ಇರುವುದೊಂದೇ ಕಟ್ಟಳೆ: ಗೆದ್ದವರು ಚಾಪೆಯ ಮೇಲೆ ಪಂಕ್ತಿಯಲ್ಲಿ ಕೂರಬೇಕು, ಸೋತವರು ಬಡಿಸಬೇಕು. ನಾನು ಬಂದಾಗಿನಿಂದ ಸ್ಯಾನ್ ಡಿಯಾಗೊದವರು ಕೂತದ್ದೇ ಇಲ್ಲ. ಪ್ರತಿ ಸಲವೂ ಸಾರಿನ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ನಡೆದವರು ನಾವು. "ಇನ್ನೊಂಚೂರು ತುಪ್ಪ ಬರಲಿ" ಎಂದು ಲಾಸ್ ಏಂಜಲೀಸಿನ ಗಂಡಸರು ಎಲೆ ಮುಂದೆ ಬೆರಳಾಡಿಸುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಪಂಕ್ತಿಯಲ್ಲಿ ಒಮ್ಮೆ ಚಕ್ಕಳಮಕ್ಕಳ ಹಾಕಿ ಕೂರಬೇಕೆಂದು ನಾನು ಗ್ರೀನ್ ಕಾರ್ಡಿಗಿಂತ ಹೆಚ್ಚಾಗಿ ಹಂಬಲಿಸಿದ್ದೆ.

ತಂಡದಲ್ಲಿ ಕ್ಯಾಚರ್ ಆಗಲು ಯಾರೂ ಒಪ್ಪದ ಕಾರಣ ಆ ಜಾಗ ನನಗೆ ಸುಲಭವಾಗಿ ಸಿಕ್ಕಿತು. ನಮ್ಮ ಪಿಚರ್ ಕಿರಣ್, ಬೆಂಗಳೂರಿನ ಕ್ಲಬ್‌ಗಳಲ್ಲಿ ವೇಗದ ಬೌಲರ್ ಆಗಿದ್ದವನು. ಅವನ ಕಷ್ಟ ಬೇರೆ. ಕೈ ಮಡಚಿ ಎಸೆಯುವುದು ಮಹಾಪಾಪ, ಪುಟಿಯದ ಚೆಂಡು ನಾಚಿಕೆಗೇಡು ಎಂದು ಕಲಿತು ಬೆಳೆದವನಿಗೆ ಇಲ್ಲಿ ಎರಡನ್ನೂ ಮಾಡಬೇಕು. ಅಭ್ಯಾಸದಲ್ಲಿ ಚೆನ್ನಾಗಿಯೇ ಎಸೆಯುತ್ತಿದ್ದ. ಆದರೆ ಎದೆ ಢವಢವ ಎಂದಿತೆಂದರೆ ಅವನ ತೋಳು ತಾನಾಗಿ ಬೆಂಗಳೂರಿಗೆ ಹೋಗಿಬಿಡುತ್ತಿತ್ತು. ಚೆಂಡು ಹೊಡೆಯುವವನ ಕಾಲಬುಡದಲ್ಲಿ ಯಾರ್ಕರ್ ಆಗಿ ಬಂದು ಬೀಳುತ್ತಿತ್ತು. ಅಂಥವನ್ನೆಲ್ಲ ಎದೆಯಿಂದ, ಗಲ್ಲದಿಂದ, ಮೊಣಕೈಯಿಂದ ತಡೆದು ತಡೆದು ನಾನು ಒಂದು ಬೇಸಿಗೆಯಿಡೀ ಬಣ್ಣಬಣ್ಣದ ಕಲೆಗಳನ್ನು ಹೊತ್ತು ಆಫೀಸಿಗೆ ಹೋದೆ.

ಮೊನ್ನೆ 2008ರ ಬೇಸಿಗೆಯ ಪಂದ್ಯ. ಅಂಪೈರ್ ಪಾಟೀಲ ಅಂಕಲ್. ಅವರು ಲಾಸ್ ಏಂಜಲೀಸಿನವರಾದರೂ ಅವರ ತೀರ್ಪನ್ನು ಎರಡೂ ಕಡೆಯವರು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಕೊನೆಯ ಸರದಿಯ ಹೊತ್ತಿಗೆ ನಾವು ಒಂದೇ ಒಂದು ರನ್ನಿನಿಂದ ಮುಂದಿದ್ದೆವು. ಅವರ ಕೊನೆಯ ಆಸೆಯಾಗಿ ಬ್ಯಾಟ್ ಹಿಡಿದವನು ಹರೀಶ, ಪೋರ್ಟರ್ ರ್ಯಾಂಚಿನ ದಂತವೈದ್ಯ. ಅವನು ಔಟಾದರೆ ನಾವು ಗೆದ್ದೆವು. ಓಡುವವನು ಸರದಿಯಾಗಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದನ್ನು, ಅಂದರೆ ಮೊದಲ ಬೇಸ್ ಮುಟ್ಟಿದರೆ, ಮೂರನೆಯ ಬೇಸಿನಲ್ಲಿ ನಿಂತ ಅವರ ಓಟಗಾರ ಕೊನೆಯ ಗುರುತಾದ 'ಮನೆ' ಸೇರಿ ಆಟ ಸಮವಾಗುತ್ತಿತ್ತು. ಎರಡು ಸಲ ಬ್ಯಾಟ್ ಬೀಸಿ ತಪ್ಪಿದ್ದ ಹರೀಶನಿಗೆ ಇನ್ನೊಂದೇ ಅವಕಾಶ ಉಳಿದಿತ್ತು. ನಾನು ಬೆರಳ ಸನ್ನೆಯಲ್ಲಿ ಎತ್ತರದ ಚೆಂಡು ಕೇಳಿದೆ. ಕಿರಣ್ ಬೇಡವೆಂದು ತಲೆಯಾಡಿಸಿಬಿಟ್ಟ. ಅವನ ಕಣ್ಣು ನೋಡಿಯೇ ನನಗೆ ಗೊತ್ತಾಯಿತು, ತೋಳು ಆಗಲೇ ಬೆಂಗಳೂರಿನಲ್ಲಿತ್ತು.

ಅವನ ಜೀವಮಾನದ ಅತ್ಯುತ್ತಮ ಯಾರ್ಕರ್ ಅದು. ಹರೀಶ ಬ್ಯಾಟ್ ಬೀಸಿದ, ತಪ್ಪಿದ. ಚೆಂಡು ಮಣ್ಣಿಗೆ ಬಡಿದು ಪುಟಿದು ನನ್ನ ಗವಸಿನ ತಗ್ಗಿನೊಳಗೆ ಬಂದು ಕೂತಿತು. ಮೂರು ಸಲ ತಪ್ಪಿದರೆ ಔಟು, ಅಷ್ಟು ನಮ್ಮೆಲ್ಲರಿಗೂ ಗೊತ್ತು. ಸ್ಯಾನ್ ಡಿಯಾಗೊ ತಂಡವೆಲ್ಲ ಕಿರಣನ ಮೇಲೆ ಎಗರಿಬಿತ್ತು. ಮೊದಲ ಬೇಸ್ ಕಾಯಬೇಕಾದ ನನ್ನ ಗಂಡನೂ ಬೇಸ್ ಬಿಟ್ಟು ಓಡಿ ಆ ಗುಂಪಿನಲ್ಲಿ ಸೇರಿಕೊಂಡ. ನಾನೂ ಏನು ಕಡಿಮೆ? ಚೆಂಡೆತ್ತಿ ಹಿಡಿದು, ಹಳೆಯ ವಿಕೆಟ್ ಕೀಪರ್‌ನ ಹಾಗೆ ಅಂಪೈರ್ ಕಡೆ ತಿರುಗಿ ಎದೆ ಬಿರಿಯುವಂತೆ ಅಪೀಲ್ ಮಾಡಿದೆ.

ಪಾಟೀಲ ಅಂಕಲ್ ಕೈ ಎತ್ತಲಿಲ್ಲ. ಕಲ್ಲಿನಂತೆ ನಿಂತು ನನ್ನ ಗವಸನ್ನೇ ನೋಡುತ್ತಿದ್ದರು.

ಆಗ ಗಡಿಗೆರೆಯ ಆಚೆಯಿಂದ ಲಾಸ್ ಏಂಜಲೀಸಿನ ಮಕ್ಕಳ ದಂಡು ಒಂದೇ ದನಿಯಲ್ಲಿ ಕಿರುಚಿತು. ಇಲ್ಲೇ ಹುಟ್ಟಿ ಶಾಲೆಯಲ್ಲಿ ಈ ಆಟ ಕಲಿತವರು ಅವರು. ಅಪ್ಪಂದಿರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. "ರನ್, ಹರೀಶ್ ಅಂಕಲ್, ರನ್!" ಏಕೆಂದು ತಿಳಿಯದಿದ್ದರೂ ಹರೀಶ ಓಡತೊಡಗಿದ. ನನಗೂ ಅದೇ ಕ್ಷಣದಲ್ಲಿ, ಮೇಲಿನ ಸಾಲಿನಲ್ಲಿ ಕೂತು ಚೂಡಾ ತಿನ್ನುತ್ತ ಅಂಕಲ್ ಹೇಳಿಕೊಟ್ಟಿದ್ದ ನಿಯಮ ಹೊಳೆಯಿತು. ಮೂರನೆಯ ಸಲ ತಪ್ಪಿದ ಚೆಂಡನ್ನು ಕ್ಯಾಚರ್ ಅದು ನೆಲಕ್ಕೆ ತಾಗುವ ಮೊದಲೇ ಹಿಡಿಯಬೇಕು. ತಾಗಿದರೆ ಹೊಡೆಯುವವನು ಇನ್ನೂ ಔಟಲ್ಲ. ಅವನು ಮೊದಲ ಬೇಸ್ ಮುಟ್ಟುವುದರೊಳಗೆ ಚೆಂಡನ್ನು ಅಲ್ಲಿಗೆ ತಲುಪಿಸಬೇಕು, ಇಲ್ಲವೇ ಅವನ ಮೈಗೆ ಮುಟ್ಟಿಸಬೇಕು. ಎಂಥ ಮಹಾ ಪಿಚರ್ ಎಂಥ ಮಾಯದ ಚೆಂಡು ಎಸೆದಿದ್ದರೂ, ಹಿಡಿಯುವವನು ಹಿಡಿಯುವ ತನಕ ಅದು ಅರ್ಧ ಕೆಲಸ.

ಚೆಂಡು ಎಸೆಯೋಣವೆಂದರೆ ಬೇಸಿನಲ್ಲಿ ಯಾರಿದ್ದಾರೆ? ನನ್ನ ಗಂಡ ಕಿರಣನ ಹೆಗಲೇರಿದ್ದ. ನಾನೇ ಓಡಿದೆ. ಮೊಣಕಾಲಿನ ಕವಚ ಕಟ್ಟಿಕೊಂಡು, ಮುಖದ ಜಾಲರಿ ಕಿತ್ತೆಸೆದು, ಗವಸಿನೊಳಗೆ ಚೆಂಡನ್ನು ಒತ್ತಿ ಹಿಡಿದು ಓಡಿದೆ. ಹರೀಶ ಮುಂದಿದ್ದ, ನನಗಿಂತ ಜೋರಾಗಿಯೂ ಇದ್ದ. ಪಂಕ್ತಿ ಕೈತಪ್ಪಿತು ಎಂದುಕೊಂಡೆ, ಕಣ್ಣಲ್ಲಿ ನೀರು ಬಂತು. ಆದರೆ ಹರೀಶನೂ ನಮ್ಮವನೇ ಅಲ್ಲವೇ! ಬ್ಯಾಟನ್ನು ಬಿಸಾಕಿ ಓಡಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ. ಬೇಸ್ ಹತ್ತಿರವಾಗುತ್ತಿದ್ದಂತೆ ಅವನು ಬಗ್ಗಿ, ತೋಳು ಚಾಚಿ, ಕ್ರೀಸಿಗೆ ಬ್ಯಾಟ್ ತಾಗಿಸುವಂತೆ ಬೇಸಿಗೆ ಬ್ಯಾಟಿನ ತುದಿಯನ್ನು ಮುಟ್ಟಿಸಿ, ಒಂದು ಹೆಜ್ಜೆ ಈಚೆಗೇ ನಿಂತು, ಗೆದ್ದ ನಗೆ ನಕ್ಕ. ನಾನು ಹೋಗಿ ಗವಸನ್ನು ಅವನ ಬೆನ್ನಿಗೆ ಒತ್ತಿದೆ.

"ಏಯ್, ಬ್ಯಾಟ್ ಟಚ್ ಮಾಡಿದೀನಲ್ರೀ!" ಎಂದ ಹರೀಶ.

ಪಾಟೀಲ ಅಂಕಲ್ ಅಷ್ಟು ದೂರದಿಂದ, ಆ ವಯಸ್ಸಿನಲ್ಲಿ, ನನ್ನ ಹಿಂದೆಯೇ ಓಡಿ ಬಂದಿದ್ದರು. ಏದುಸಿರು ಬಿಡುತ್ತ ಮುಷ್ಟಿ ಬಿಗಿದು ಆಕಾಶಕ್ಕೆ ಎತ್ತಿದರು. "ಔಟ್! ಇದು ಬ್ಯಾರೆ ಆಟ ಐತೋ ಡಾಕ್ಟರಾ. ಇಲ್ಲಿ ಮನಶ್ಯಾ ಮುಟ್ಟಬೇಕು!"

ಸ್ನೇಹಿತರೇ, ಚಾಪೆ ಹಾಸಿದರು. ನಾವು ಕೂತೆವು. ಮೊದಲ ಸ್ಥಾನದಲ್ಲಿ ಕಿರಣ್, ಅವನ ಸುತ್ತ ಜನ. ಆ ಕೊನೆಯ ಯಾರ್ಕರ್ ಹೇಗೆ ತಿರುಗಿತು, ಹೇಗೆ ಬಿತ್ತು ಎಂಬ ಕಥೆ ಎಲೆ ಹಾಕುವುದರೊಳಗೆ ಆಗಲೇ ಪುರಾಣವಾಗತೊಡಗಿತ್ತು. ಮುಂದಿನ ನಲವತ್ತು ವರ್ಷ ಅದನ್ನು ಹೇಳುತ್ತಾರೆಂದು ನನಗೆ ಖಾತ್ರಿಯಾಯಿತು, ಮತ್ತು ವಿಚಿತ್ರವೆಂದರೆ ಸಂತೋಷವೂ ಆಯಿತು. ಕಾಣುವವರು ಕಂಡದ್ದನ್ನು ಹೇಳಲಿ. ನನ್ನ ಅಂಗೈ ಇನ್ನೂ ಉರಿಯುತ್ತಿತ್ತು, ಅದಕ್ಕೆ ತನ್ನ ಪಾಲು ಗೊತ್ತಿತ್ತು.

ಸೋತ ಊರಿನ ಹಿರಿಯರಾಗಿ ಪಾಟೀಲ ಅಂಕಲ್ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಬಂದರು. ಕಿರಣ್ ಎಲೆ ಮುಂದೆ ಸರಿಸಿಕೊಂಡ. ಅವರು ಅವನನ್ನು ದಾಟಿದರು, ನನ್ನ ಗಂಡನನ್ನು ದಾಟಿದರು, ಸಾಲಿನ ತುದಿಗೆ ಕೂತಿದ್ದ ನನ್ನ ಮುಂದೆ ಬಂದು ಬಗ್ಗಿದರು.

"ಮೊದಲ ಹಿಡದಾಕಿಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಂದು ಹೋಳಿಗೆ ಹಾಕಿದರು, ಅದರ ಮೇಲೆ ಇನ್ನೊಂದು ಹಾಕಿದರು. ಕಿರಣ್ ಮೊದಲು ಪೆಚ್ಚಾದ, ಆಮೇಲೆ ತಾನೇ ಚಪ್ಪಾಳೆ ತಟ್ಟಿದ, ಸಾಲೆಲ್ಲ ತಟ್ಟಿತು. ಅಂಕಲ್ ತುಪ್ಪದ ಗಿಂಡಿ ಬಗ್ಗಿಸಿ, ನಾನು ಸಾಕು ಎನ್ನುವುದನ್ನು ಕಾಯುತ್ತ, ಸುರಿಯುತ್ತಲೇ ಇದ್ದರು. ನಾನು ಸಾಕು ಎನ್ನಲಿಲ್ಲ.