ಎಂಟು ಹತ್ತರ ಪಿಂಗ್

ಸಿಂಚು ನಗರದ ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ ಇಂಟರ್ನೆಟ್ ಪೆಟ್ಟಿಗೆಗಳನ್ನು ಪರೀಕ್ಷಿಸುವವಳು ಫಾನ್ ಯುಯೆ-ಮೇ. ನಮಗೆಲ್ಲ ಮೇ ಅಕ್ಕ. ಐವತ್ತೆರಡು ವರ್ಷ, ಮದುವೆಯಿಲ್ಲ, ಮಾತು ಕಡಿಮೆ, ಹಟ ಜಾಸ್ತಿ. ಅವಳು ಬರೆದಿಟ್ಟ ಪರೀಕ್ಷೆಗಳು ಬೆಳಿಗ್ಗೆ ತಾವಾಗಿಯೇ ಓಡುತ್ತವೆ. ಕಂಪ್ಯೂಟರಿಗೆ ಒಂದೊಂದೇ ಆಜ್ಞೆ ಕೊಟ್ಟು, ಬಂದ ಉತ್ತರ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುತ್ತವೆ.

ಎಂಟು ಹತ್ತಕ್ಕೆ ಓಡುವ ಆಜ್ಞೆ ಪಿಂಗ್. ದೂರದ ಒಂದು ಯಂತ್ರವನ್ನು ‘ಇದ್ದೀಯಾ?’ ಎಂದು ಕೇಳುವುದಷ್ಟೇ ಅದರ ಕೆಲಸ. ಆ ಯಂತ್ರ ಇರುವುದು ಮಾತ್ಸು ದ್ವೀಪದಲ್ಲಿ, ತ್ಸಾವೊ ಎಂಬವನ ಮನೆಯಲ್ಲಿ. ಒಂಬತ್ತು ವರ್ಷ ಇವಳ ಪಕ್ಕದ ಮೇಜಿನಲ್ಲಿದ್ದವನು. ತಾಯಿ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಊರಿಗೆ ಹೋದ. ಪರೀಕ್ಷೆಗೆ ದೂರದ ವಿಳಾಸವೊಂದು ಬೇಕಲ್ಲ, ಇರಲಿ ಎಂದು ತನ್ನ ಮನೆಯ ಕಂಪ್ಯೂಟರಿನದನ್ನೇ ಬರೆದುಕೊಟ್ಟ. ‘ಬರ್ತೀಯಾ’ ಎಂದು ಅವನು ಕೇಳಲಿಲ್ಲ, ‘ಹೋಗಬೇಡ’ ಎಂದು ಇವಳೂ ಹೇಳಲಿಲ್ಲ. ಹನ್ನೊಂದು ವರ್ಷವಾಯಿತು.

ದಿನಾ ಆ ಹೊತ್ತಿಗೆ ಮೇ ಅಕ್ಕ ಟೀ ಲೋಟ ಕೆಳಗಿಟ್ಟು ಪರದೆಯನ್ನೇ ನೋಡುತ್ತಾಳೆ. ಉತ್ತರ ಬಂದಾಗ ಅರಳುವ ಆ ಮುಖ ಕಂಡರೆ ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

“ಅಕ್ಕ, ಉತ್ತರ ಕೊಡೋದು ಮಿಷಿನ್ನು. ಅವನಲ್ಲ.”

“ಅದನ್ನ ಆನ್ ಮಾಡಿಡೋರು ಯಾರು ಮತ್ತೆ?”

“ಒಂದು ಫೋನ್ ಮಾಡೋಕೆ ಏನು ಧಾಡಿ ನಿಂಗೆ?”

“ಮಾಡಿ ಏನನ್ಲಿ? ಸುಮ್ನೆ ನಿನ್ನ ಕೆಲಸ ನೋಡೇ.”

ಮಾರ್ಚಿನ ಒಂದು ಸೋಮವಾರ ಕೆಂಪು ಬಂತು. ಮಂಗಳವಾರವೂ ಕೆಂಪೇ. ಯಂತ್ರ ಕೆಡದಿರಲೆಂದು ನಮ್ಮ ಕಡೆ ಶಕುನಕ್ಕೆ ಅದರ ಮೇಲಿಡುವ ಹಸಿರು ತಿಂಡಿ ಪೊಟ್ಟಣವನ್ನು ಮ್ಯಾನೇಜರ್ ಪೆಂಗ್ ಎತ್ತಿ ತಾರೀಖು ನೋಡಿದರು.

“ಇದಿನ್ನೂ ಹಳೇದಾಗಿಲ್ಲ, ಮತ್ಯಾಕಪ್ಪಾ ಮಿಷಿನ್ನಿಗೆ ಮುನಿಸು? ಆ ವಿಳಾಸ ತೆಗೆದು ಬೇರೆ ಹಾಕಮ್ಮ.”

“ನಾಳೆ ಹಾಕ್ತೀನಿ ಸರ್,” ಅಂದಳು ಅಕ್ಕ. ಅಂದು ಊಟದ ಡಬ್ಬಿ ತೆರೆಯಲಿಲ್ಲ. ಅದೇ ಆಜ್ಞೆಯನ್ನು ಕೈಯಾರೆ ಮತ್ತೆ ಮತ್ತೆ ಓಡಿಸಿದಳು. ಅವನು ಸತ್ತೇ ಹೋದನೇನೋ ಎಂಬ ಭಯ ಅವಳದು. ಭಾನುವಾರ ನಮ್ಮ ಕಂಪನಿಯವರೇ ಪಿಂಗ್ ಇಲ್ಲಿಂದ ಹೊರಗೆ ಹೋಗುವ ದಾರಿಯನ್ನು ಮುಚ್ಚಿದ್ದರೆಂದು ತಿಳಿದದ್ದು ಆಮೇಲೆ. ಕೆಂಪು ಬಂದರೆ ಮೊದಲು ನಮ್ಮ ಕಡೆಯ ಬಾಗಿಲು ತೆರೆದಿದೆಯೇ ನೋಡಿ ಎಂದು ನಮಗೆಲ್ಲ ಕಲಿಸಿದವಳೇ ಅದನ್ನು ಮರೆತಿದ್ದಳು.

ಬುಧವಾರ ಎಂಟೂಕಾಲಿಗೆ ಮೇಜಿನ ಫೋನ್ ಬಡಿದುಕೊಂಡಿತು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

“ಯುಯೆ-ಮೇ? ನಾನು ತ್ಸಾವೊ. ಹುಷಾರಾಗಿದ್ದೀಯ ತಾನೇ? ಮೂರು ದಿನದಿಂದ ನಿನ್ನ ಪಿಂಗ್ ಬಂದಿಲ್ಲ.”

“ನೀನು… ಅದನ್ನ ನೋಡ್ತಿದ್ಯಾ?”

“ದಿನಾ. ಅದು ನನ್ನ ಪರದೆ ಮೇಲೆ ಬಂದಮೇಲೇ ನಾನು ಗಂಜಿ ಕುಡಿಯೋದು.”

ಅಕ್ಕ ಟೀ ಲೋಟ ಪಕ್ಕಕ್ಕೆ ಸರಿಸಿದಳು. “ಅಮ್ಮ ಹೇಗಿದಾರೆ?”

“ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು.”

“ನಾಲ್ಕು ವರ್ಷ! ಮತ್ಯಾಕೆ ವಾಪಸ್ ಬರ್ಲಿಲ್ಲ?”

“ಯಾರಿಗೋಸ್ಕರ ಬರ್ಲಿ? ನೀನೊಂದು ಮಾತು ಆಡ್ಲಿಲ್ಲ.”

“ಬಾ,” ಅಂದಳು ಮೇ ಅಕ್ಕ. ಇಡೀ ಕೋಣೆ ತಿರುಗಿ ನೋಡಿತು. “ಬಾ,” ಅಂತ ಇನ್ನೊಮ್ಮೆ ಕೂಗಿ, ಕಳೆದುಹೋದ ಆ ನಾಲ್ಕು ವರ್ಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು.